ನಾನು ಹಾಕದ ಸುಣ್ಣದ ಗುರುತು

ದೆವ್ವ, ಶಕುನ, ಮೈಮೇಲೆ ಬರುವುದು ಇಂಥ ಮಾತು ಬಂದರೆ ನಾನು ಎದ್ದುಹೋಗಿ ಕಾಫಿ ಮಾಡಿಕೊಳ್ಳುವ ಪೈಕಿ. ಓದಿದ್ದು ಲೋಹಗಳ ವಿಷಯ, ಇಪ್ಪತ್ತೆರಡು ವರ್ಷ ಮಾಡಿದ್ದು ಪೈಪುಗಳ ತಪಾಸಣೆ. ಅಳತೆಗೆ ಸಿಗದ್ದನ್ನು ನಂಬಿ ಕೂತಿದ್ದರೆ ನನಗೆ ಅನ್ನ ಹುಟ್ಟುತ್ತಿರಲಿಲ್ಲ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ಕೆಂಗೇರಿ ಉಪನಗರದ ಆಚೆ ಒಂದು ಬೆಳಿಗ್ಗೆ ನಡೆದದ್ದನ್ನು ಮುಚ್ಚಿಟ್ಟುಕೊಂಡರೆ ಅದೂ ಒಂದು ಮೋಸವೇ.

ಮೊದಲು ನಮ್ಮ ಕೆಲಸ ಏನೆಂದು ಹೇಳಿಬಿಡುತ್ತೇನೆ. ನೆಲದಡಿಯ ಗ್ಯಾಸ್ ಪೈಪನ್ನು ಒಳಗಿನಿಂದ ತುಕ್ಕು ತಿಂದಿದೆಯೇ ಎಂದು ನೋಡಲು ಅದರೊಳಗೆ ಒಂದು ಯಂತ್ರ ಬಿಡುತ್ತೇವೆ. ಗ್ಯಾಸಿನ ಒತ್ತಡಕ್ಕೆ ಅದು ಮೈಲಿಗಟ್ಟಲೆ ಜಾರಿಕೊಂಡು ಹೋಗುತ್ತಾ, ಸುತ್ತಲಿನ ಗೋಡೆಯನ್ನು ಆಯಸ್ಕಾಂತದಿಂದ ತಡವಿ, ಎಲ್ಲಿ ತೆಳ್ಳಗಾಗಿದೆ ಎಂದು ಬರೆದಿಟ್ಟುಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಪಿಗ್ ಎಂದು ಹೆಸರು. ನಮ್ಮ ಕೆಲಸಗಾರರು 'ವರಾಹಸ್ವಾಮಿ' ಎನ್ನುತ್ತಿದ್ದರು. ಒಳಗೆ ಬಿಡುವ ಮೊದಲು ಅದಕ್ಕೆ ಮೂರೆಳೆ ವಿಭೂತಿ ಹಚ್ಚಿ ಕೈಮುಗಿಯುತ್ತಿದ್ದರು. ತೊಂದರೆ ಏನೆಂದರೆ, ಪೈಪಿನ ತಳದಲ್ಲಿ ಕಬ್ಬಿಣದ ಕಪ್ಪು ಪುಡಿ ಕೂತಿರುತ್ತದೆ. ಯಂತ್ರ ಆ ಪುಡಿಯ ಮೇಲೇರಿದರೆ ಅದಕ್ಕೂ ಗೋಡೆಗೂ ನಡುವೆ ಸಂದು ಬಿದ್ದು, ಆಳವಾದ ಗುಳಿಯೂ ಏನೂ ಇಲ್ಲದಂತೆ ಕಾಣುತ್ತದೆ. ಅದಕ್ಕೇ ಮೊದಲು ಬ್ರಷ್ ಕಟ್ಟಿದ ಬೇರೆ ಪಿಗ್ಗುಗಳನ್ನು ಬಿಟ್ಟು, ಹೊರಬರುವ ಪುಡಿ ಒಂದು ಹಿಡಿಗೆ ಇಳಿಯುವ ತನಕ ಗುಡಿಸಬೇಕು.

ಆ ಪುಡಿಯನ್ನು ಟಾರ್ಪಾಲಿನ ಮೇಲೆ ಹರಡಿ ನೋಡುವುದು ಮಲ್ಲಪ್ಪನ ಕೆಲಸ. ಬಾಗಲಕೋಟೆ ಕಡೆಯವನು, ಲಗ್ಗೆರೆಯಲ್ಲಿ ಮನೆ, ಹೆಚ್ಚುಕಡಿಮೆ ನನ್ನದೇ ವಯಸ್ಸು. ಮೂರನೆಯ ಸಲ ಗುಡಿಸಿದಾಗಲೂ ಅರ್ಧ ಬಕೆಟ್ ಪುಡಿ ಬಂತು. ಇನ್ನೊಮ್ಮೆ ಗುಡಿಸೋಣ ಎಂದ. ತಪಾಸಣೆಯ ಯಂತ್ರ ಆಗಲೇ ಬಂದು ಕೂತಿತ್ತು, ಆಫೀಸಿನಿಂದ ಗಂಟೆಗೊಂದು ಫೋನು. "ನಿಂಗೇನ್ ಗೊತ್ತು, ಸುಮ್ನಿರು" ಎಂದು ಎಲ್ಲರೆದುರಿಗೆ ರೇಗಿದೆ. ಅವನು ಹೋಗಿ ಯಂತ್ರಕ್ಕೆ ವಿಭೂತಿ ಹಚ್ಚಿದ.

ವರದಿ ಬಂತು: ಪೈಪು ಚೆನ್ನಾಗಿದೆ. ಅದಕ್ಕೆ ನಾನು ಸಹಿ ಹಾಕಿದರೆ ಐದಾರು ವರ್ಷ ಯಾರೂ ಆ ಕಡೆ ತಲೆ ಹಾಕುವುದಿಲ್ಲ. ಆದರೆ ಒಂದು ಕಡೆ, ಒಂದು ಸಾಲು ಮನೆಗಳ ಬೆನ್ನಿಗೇ ಪೈಪು ಹಾದುಹೋಗುವಲ್ಲಿ, ಯಂತ್ರ ಬರೆದ ಗೆರೆಗಳು ಮಂಕಾಗಿದ್ದವು. ಪುಡಿಯ ಲಕ್ಷಣವೇ ಅದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಮನೆಗಳ ಹಿತ್ತಲಲ್ಲಿ ಬಟ್ಟೆ ಒಣಹಾಕುವವರನ್ನು ಕಂಡೂ ಇದ್ದೆ. ಆದರೆ ಬಾಯಿ ಬಿಟ್ಟರೆ ನನ್ನ ಆತುರ ಹೊರಬೀಳುತ್ತದಲ್ಲ! ವರದಿ ಸರಿಯೋ ಎಂದು ಒಂದು ಕಡೆ ಅಗೆದು ನೋಡುವುದು ಪದ್ಧತಿ. ಕಳ್ಳನಿಗೊಂದು ಪಿಳ್ಳೆ ನೆವ ಎನ್ನುತ್ತಾರೆ ನೋಡಿ, ಆ ಪದ್ಧತಿಯೇ ನನಗೆ ನೆವವಾಯಿತು. ಅಲ್ಲಿಂದ ದೂರದ, ಗೆರೆ ಸ್ಪಷ್ಟವಾಗಿದ್ದ ಜಾಗ ಆರಿಸಿ, ಅಗೆಯುವ ಹಿಂದಿನ ಸಂಜೆ ಸುಣ್ಣದಲ್ಲಿ ಗುರುತು ಹಾಕಿ ಬಂದೆ. ಮಂಕು ಜಾಗದ ವಿಷಯ ಒಬ್ಬರಿಗೂ ಹೇಳಿರಲಿಲ್ಲ.

ಮರುದಿನ ಏಳು ಗಂಟೆಗೆ ಬಸವೇಶ್ವರನಗರದ ನಮ್ಮ ಮನೆಯಲ್ಲಿ ಅಕ್ಕಿರೊಟ್ಟಿ ತಿನ್ನುತ್ತಾ, ನೀರಿನ ಮೋಟಾರಿನ ವಿಷಯಕ್ಕೆ ಹೆಂಡತಿ ಗಿರಿಜಾ ಜೊತೆ ವಾದ ಮಾಡುತ್ತಿದ್ದೆ. ಎಂಟೂವರೆಗೆ ಹೊರಟು ಒಂಬತ್ತೂವರೆಗೆ ತಲುಪಿದೆ. ನೋಡಿದರೆ ನನ್ನ ಗುರುತಿನ ಹತ್ತಿರ ಯಾರೂ ಇಲ್ಲ. ಮಲ್ಲಪ್ಪ ಮತ್ತು ಇನ್ನಿಬ್ಬರು ಆ ಮನೆಗಳ ಬೆನ್ನಿಗೆ, ಸರಿಯಾಗಿ ಆ ಮಂಕು ಜಾಗದಲ್ಲೇ, ಸೊಂಟದವರೆಗೆ ಅಗೆದುಬಿಟ್ಟಿದ್ದಾರೆ. ಪಕ್ಕದಲ್ಲಿ ಹೊಸ ಸುಣ್ಣದ ಗುರುತು.

ಯಾರು ಹೇಳಿದ್ದು ಎಂದು ರೇಗಿದೆ. ಮಲ್ಲಪ್ಪ ನನ್ನ ಮುಖವನ್ನೇ ನೋಡಿದ.

"ನೀವ ಏಳಕ್ಕ ಬಂದು ಸುಣ್ಣಾ ಹಾಕಿ, ಇಲ್ಲೇ ಅಗೀರಿ ಅಂದ್ರಲ್ರೀ ಸರ."

ಉಳಿದಿಬ್ಬರೂ ಹೌದೆಂದರು. ನನ್ನ ಗಾಡಿ ಎಲ್ಲಿತ್ತು ಎಂದು ಕೇಳಿದರೆ, ನಡೆದುಕೊಂಡು ಬಂದಿರಿ, ನಡೆದುಕೊಂಡೇ ಹೋದಿರಿ ಎಂದರು. ಕಥೆ ಕಟ್ಟುತ್ತಿದ್ದಾರೆ ಎಂದುಕೊಂಡೆ. ಮುಚ್ಚಿಬಿಡಿ ಎನ್ನಲು ಬಾಯಿ ತೆರೆದೆ. ಹಿತ್ತಲಲ್ಲಿ ಒಬ್ಬ ಅಜ್ಜಿ ಮಗುವಿಗೆ ಅನ್ನ ಉಣಿಸುತ್ತಾ ನಮ್ಮನ್ನೇ ನೋಡುತ್ತಿದ್ದರು. ಅಗೆಯಿರಿ ಎಂದುಬಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ಪೈಪು ಸಿಕ್ಕಿತು. ಹೊರಗಿನಿಂದಲೇ ಗೋಡೆಯ ದಪ್ಪ ಅಳೆಯುವ ಪುಟ್ಟ ಮೀಟರನ್ನು ತಳಕ್ಕೆ ಹಿಡಿದೆ. ಅರ್ಧಕ್ಕಿಂತ ಹೆಚ್ಚು ತಿಂದುಹೋಗಿತ್ತು. ಮೂರು ಸಲ ಅಳೆದೆ, ಮೂರು ಸಲವೂ ಅಷ್ಟೇ.

ಅಂದೇ ಗ್ಯಾಸಿನ ಒತ್ತಡ ಇಳಿಸಿದರು, ಆ ಜಾಗಕ್ಕೆ ಉಕ್ಕಿನ ಪಟ್ಟಿ ಬಿಗಿದರು. ಸರಿಯಾಗಿ ಗುಡಿಸದೆ ಯಂತ್ರ ಬಿಡಿಸಿದ್ದು ನಾನೇ ಎಂದು ಬರೆದುಕೊಟ್ಟೆ. ಸಾಹೇಬರಿಂದ ಚೆನ್ನಾಗಿ ಮಂಗಳಾರತಿಯಾಯಿತು. ಆಗಲಿ. ಮತ್ತೆ ಐದು ಸಲ ಗುಡಿಸಿ ಯಂತ್ರ ಬಿಟ್ಟಾಗ ಅಂಥವೇ ಇನ್ನೆರಡು ಗುಳಿ ಸಿಕ್ಕವು, ಅವನ್ನೂ ಸರಿಮಾಡಿದೆವು. ಆ ಮನೆಗಳ ಕಡೆ ಹೋದಾಗಲೆಲ್ಲ ನನಗೆ ಊಟ ಮಾಡಿ ಎದ್ದಷ್ಟು ಸಮಾಧಾನ.

ಆದರೆ ಬಂದವರು ಯಾರು? ಗಿರಿಜಾಳನ್ನು ಕೇಳಿದರೆ, ಏಳು ಗಂಟೆಗೆ ನೀವು ಇಲ್ಲೇ ನನ್ನ ತಲೆ ತಿನ್ನುತ್ತಿದ್ದಿರಿ ಎಂದು ನಕ್ಕಳು. ಎದುರುಮನೆಯ ಕ್ಯಾಮೆರಾದಲ್ಲೂ ನನ್ನ ಕಾರು ಹೊರಟದ್ದು ಎಂಟೂವರೆಗೇ. ಇತ್ತ ಮಲ್ಲಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಇಬ್ಬರ ಮಾತೂ ನಿಜವಾಗುವುದು ಹೇಗೆಂದು ಇಂದಿಗೂ ನನಗೆ ಬಗೆಹರಿದಿಲ್ಲ.

ಇಷ್ಟೇ ಆಗಿದ್ದರೆ, ಯಾರೋ ನನ್ನ ಹಾಗೆಯೇ ಕಾಣುವವರು ಬಂದಿದ್ದರು ಎಂದು ತಳ್ಳಿಹಾಕಿಬಿಡುತ್ತಿದ್ದೆ. ವಾರ ಕಳೆದ ಮೇಲೆ, ಬಿಗುಮಾನ ನುಂಗಿಕೊಂಡು ಮಲ್ಲಪ್ಪನನ್ನು ಪಕ್ಕಕ್ಕೆ ಕರೆದೆ. ನಿನ್ನ ಮಾತು ಕೇಳಬೇಕಿತ್ತು, ಎಲ್ಲರೆದುರಿಗೆ ಹಾಗೆ ಅನ್ನಬಾರದಿತ್ತು, ತಪ್ಪಾಯಿತು ಎಂದೆ. ಕೆಲಸಗಾರನೊಬ್ಬನಿಗೆ ನಾನು ಆ ಮಾತು ಹೇಳಿದ್ದು ಜೀವಮಾನದಲ್ಲಿ ಅದೇ ಮೊದಲು.

ಅವನು ಮುಜುಗರದಿಂದ ತಲೆ ಕೆರೆದುಕೊಂಡ.

"ಎಷ್ಟ ಸಲಾ ಹೇಳ್ತೀರಿ, ಬಿಡ್ರೀ ಸರ. ಅವತ್ತ ಸುಣ್ಣಾ ಹಾಕಿದ ಮ್ಯಾಲ ನನ್ನ ಕೈ ಹಿಡಕೊಂಡು ಇದ ಮಾತ ಹೇಳಿದ್ರಲ್ರೀ."