ಹೇಳಿ ಮುಟ್ಟುವ ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಬಾಗಿಲ ಪಕ್ಕದ ಮೂಲೆಯಲ್ಲಿ, ಹಳೆಯ ಹೊಲಿಗೆ ಮೆಷಿನ್ನಿನ ಮೇಜನ್ನೇ ಕಚೇರಿ ಮಾಡಿಕೊಂಡು ತಂತಿಯಕ್ಕ ಕುಳಿತಿದ್ದಾರೆ. ಎದುರಿನ ಪರದೆಯಲ್ಲಿ ಕಾಣುತ್ತಿರುವುದು ಅವರ ಕಂಪ್ಯೂಟರ್ ಅಲ್ಲ, ಬೇರೊಂದು ಊರಿನ ಅಂಗಡಿಯೊಂದರದು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಮಾತಾಡುತ್ತಿದ್ದಾರೆ.

"ಅಣ್ಣಾ, ನೀಲಿ ತಂತಿ ಕೈಲಿ ಹಿಡ್ಕೊಂಡಿದ್ದೀರಾ? ಈಗ ಎಡಗಡೆ ಮೂಲೇಲಿರೋ ಹಳದಿ ಚಿತ್ರದ ಮೇಲೆ ಒತ್ತುತೀನಿ. ಒತ್ತಲಾ?"

"ಒತ್ತಿ," ಎಂದು ಆ ಕಡೆಯಿಂದ ಅನುಮಾನದ ದನಿ. ಅವರ ಬೆರಳು ಆಮೇಲಷ್ಟೇ ಅಲುಗುತ್ತದೆ.

ಕೆಟ್ಟ ಕಂಪ್ಯೂಟರನ್ನು ದೂರದಿಂದಲೇ, ಇಂಟರ್ನೆಟ್ ಮೂಲಕ ಒಳಹೊಕ್ಕು ರಿಪೇರಿ ಮಾಡುವುದು ಇವರ ಕಸುಬು. ಒಳಗೆ ಬಿಟ್ಟುಕೊಂಡರೆ ಸಾಕು, ನಿಮ್ಮ ಫೋಟೊ, ಪತ್ರ, ಬ್ಯಾಂಕಿನ ಗುಟ್ಟು ಎಲ್ಲವೂ ಅವರ ಕಣ್ಣೆದುರು. ಮುಖ ನೋಡದವರಿಗೆ ಇಷ್ಟು ಸಲಿಗೆ ಕೊಡುವುದೆಂದರೆ ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತೆ ಎಂದು ನಂಬಿಕೊಂಡೇ ನಾನು ಇವರ ಬಗ್ಗೆ ಬರೆಯಲು ಈ ಮನೆಗೆ ಬಂದವನು. ಹಾಗೆಂದು ಬಾಯಿಬಿಟ್ಟು ಹೇಳಿಯೂ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ.

"ಸರಿಯಾಗೇ ಹೇಳಿದ್ರಿ. ಅದಕ್ಕೇ ಇಂಟರ್ನೆಟ್ ತಂತಿ ಹಿಡ್ಕೊಳಿ ಅನ್ನೋದು. ನಾನು ಹೇಳದೇ ಏನಾದ್ರೂ ಮುಟ್ಟಿದ್ರೆ ಎಳೆದುಬಿಡಿ. ತಂತಿ ಇಲ್ಲದವರು ಇಂಟರ್ನೆಟ್ ಡಬ್ಬಿಯ ಸ್ವಿಚ್ ಮೇಲೆ ಬೆರಳು ಇಟ್ಕೊಂಡಿರಿ."

ಗಿರಾಕಿಗಳು ಇಟ್ಟ ಹೆಸರು ತಂತಿಯಕ್ಕ. ಮನೆಯಲ್ಲೂ ಈಗ ಅದೇ ನಡೆಯುತ್ತದೆ. ಪಕ್ಕದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತ ಕುಳಿತ ಅತ್ತೆ ನನಗೆ ಕೇಳುವಂತೆಯೇ ಗೊಣಗುತ್ತಾರೆ: "ಒತ್ತಲಾ, ತೆಗೀಲಾ, ಮುಚ್ಚಲಾ! ಮದುವೇಲಿ ತಾಳಿ ಕಟ್ಟೋವಾಗ ನನ್ನ ಮಗ ಇಷ್ಟು ಕೇಳಿರಲಿಲ್ಲ."

ಈ ಪಾಠ ತಂತಿಯಕ್ಕನಿಗೆ ಬಂದದ್ದು ತಂದೆಯಿಂದ. ಅವರದು ಕ್ಷೌರದಂಗಡಿ. "ಕುತ್ತಿಗೆಗೆ ಕತ್ತಿ ತಾಗಿಸೋ ಮುಂಚೆ ಪ್ರತಿಸಲಾನೂ 'ಈಗ ಇಡ್ತೀನಿ' ಅಂತಿದ್ರು ಅಪ್ಪ. ಹಳೇ ಗಿರಾಕಿಗೂ ಹಾಗೇನೇ. ಕಣ್ಣು ಮುಚ್ಕೊಂಡು ಕೂತವನಿಗೆ ನನ್ನ ಕೈ ಎಲ್ಲಿದೆ ಅಂತ ಗೊತ್ತಿರಬೇಕಮ್ಮಾ ಅನ್ನೋರು."

ಮೊದಲು ಇವರೂ ಸಲಕರಣೆಯ ಚೀಲ ಹೆಗಲಿಗೇರಿಸಿ ಮನೆಮನೆ, ಅಂಗಡಿ ಅಂಗಡಿ ಸುತ್ತುತ್ತಿದ್ದವರೇ. ಒಂದು ಕಚೇರಿಯ ಒದ್ದೆ ಮೆಟ್ಟಿಲು ತೊಡೆಯ ಮೂಳೆ ಮುರಿಯಿತು. ಕೂಡಿಕೊಂಡಿತು ನಿಜ, ಮೆಟ್ಟಿಲು ಹತ್ತುವಷ್ಟಲ್ಲ. ಗಂಡ ಸರಕು ಲಾರಿ ಓಡಿಸುವವರು, ವಾರಕ್ಕೊಮ್ಮೆ ಮನೆ ಕಂಡರೆ ಹೆಚ್ಚು. ಹಾಸಿಗೆಯಲ್ಲಿ ಮಲಗಿಕೊಂಡೇ ಈ ದೂರದ ರಿಪೇರಿ ಕಲಿತರು. ಈಗ ದಿನಕ್ಕೆ ಏಳೆಂಟು ಯಂತ್ರ. ಕೇಳಿ ಕೇಳಿ ಮುಟ್ಟುವುದರಿಂದ ಕೆಲಸ ನಿಧಾನ. ಇಷ್ಟು ಹೊತ್ತಿನಲ್ಲಿ ಬೇರೆಯವರು ಎರಡರಷ್ಟು ಮುಗಿಸುತ್ತಾರೆ. "ಎಷ್ಟು ಮಾತಾಡ್ತೀಯಮ್ಮಾ, ಬೇಗ ಮಾಡು" ಎಂದು ರೇಗಿ ಬಿಟ್ಟುಹೋದವರೂ ಇದ್ದಾರೆ. ಇವರು ಹಟ ಬಿಟ್ಟಿಲ್ಲ.

ಇನ್ನೊಂದು ಹಟವೂ ಇದೆ. ಇವರಾಗಿ ಯಾವ ಗಿರಾಕಿಗೂ ಫೋನ್ ಮಾಡುವುದಿಲ್ಲ. "ಮೊದಲೇ ಎಲ್ಲರಿಗೂ ಹೇಳಿರ್ತೀನಿ. ನಾನೇ ಫೋನ್ ಮಾಡಿದೆ ಅಂದ್ರೆ ಅದು ನಾನಲ್ಲ ಅಂತ ತಿಳ್ಕೊಳಿ."

ಇವತ್ತಿನ ಗಿರಾಕಿ ಜೋಡು ಹೊಲಿಯುವವರು. ಅಪಘಾತದಲ್ಲಿ ಕಾಲು ಮುರಿದವರಿಗೆ, ಒಂದು ಕಾಲು ಗಿಡ್ಡ ಇರುವವರಿಗೆ ಅವರವರ ಪಾದಕ್ಕೆ ತಕ್ಕ ಜೋಡು ಮಾಡುತ್ತಾರೆ. ಪಾದಗಳ ನಕ್ಷೆಯೆಲ್ಲ ಕಂಪ್ಯೂಟರಿನಲ್ಲಿ. ಹೋದ ವರ್ಷ ಯಾರೋ ಫೋನ್ ಮಾಡಿ, "ನಿಮ್ಮ ಕಂಪ್ಯೂಟರಿಗೆ ವೈರಸ್ ಹೊಕ್ಕಿದೆ, ನಾವೇ ಸರಿಮಾಡುತ್ತೇವೆ" ಎಂದು ಬೆಣ್ಣೆಯಂಥ ಮಾತಾಡಿ ಒಳಗೆ ಬಂದ. "ಸ್ವಲ್ಪ ಹೊತ್ತು ಎದ್ದು ಆಚೆ ಹೋಗಿ ಬನ್ನಿ" ಎಂದ. ಇವರು ಹೋದರು. ಮರಳಿ ಬಂದಾಗ ಎಷ್ಟೋ ಜನರ ಪಾದಗಳು ಮಾಯವಾಗಿದ್ದವು.

ಈಗ ಅದೇ ಯಂತ್ರ ಮತ್ತೆ ಮುಷ್ಕರ ಹೂಡಿದೆ, ಒಂದು ನಕ್ಷೆಯೂ ತೆರೆಯುತ್ತಿಲ್ಲ. ಕಾಲಿನ ಶಸ್ತ್ರಚಿಕಿತ್ಸೆ ಮುಗಿಸಿದ ಬಸ್ ಕಂಡಕ್ಟರ್ ಒಬ್ಬಾಕೆ ನಾಳೆ ಕೆಲಸಕ್ಕೆ ಮರಳಬೇಕು. ಮೂರು ಸಲ ತೊಡಿಸಿ ನೋಡಿ ತಿದ್ದಿದ ಆಕೆಯ ನಕ್ಷೆ ಒಳಗೆ ಸಿಕ್ಕಿಕೊಂಡಿದೆ. ಇವತ್ತೇ ತೊಗಲು ಕತ್ತರಿಸದಿದ್ದರೆ ನಾಳೆ ಆಕೆ ಬಸ್ಸಿನಲ್ಲಿ ನಿಲ್ಲುವಂತಿಲ್ಲ.

ತಂತಿಯಕ್ಕ ಒಂದೊಂದೇ ಹೇಳುತ್ತ, ಒಂದೊಂದೇ ತೆರೆಯುತ್ತ ಹೋಗುತ್ತಾರೆ. ಇದ್ದಕ್ಕಿದ್ದಂತೆ ಮುಖ ಕೆಂಪಾಗುತ್ತದೆ. ಹೋದ ವರ್ಷದ ಆ ಮಹಾಶಯ ಬಿಟ್ಟುಹೋದ ಪ್ರೋಗ್ರಾಂ ಒಳಗೇ ಅವಿತು ಕುಳಿತಿದೆ. "ಸಿಕ್ಕಿದೆಯಾ!" ಎಂದವರೇ ಅದರ ಮೇಲೆ ಒತ್ತಿಬಿಡುತ್ತಾರೆ. ಹೇಳದೆ.

ಪರದೆ ಕಪ್ಪು. ಫೋನೂ ಕಟ್.

"ಏನಾಯ್ತೇ?" ಎಂದು ಅತ್ತೆ.

"ಎಳೆದುಬಿಟ್ರು ಅತ್ತೆ. ಸಿಟ್ಟಲ್ಲಿ ಹೇಳೋದು ಮರೆತೆ."

"ಫೋನ್ ಮಾಡಿ ತಪ್ಪಾಯ್ತು ಅನ್ನು."

"ಮಾಡಲ್ಲ. ನಾನೇ ಮಾಡಿದ್ರೆ ಅದು ನಾನಲ್ಲ."

ಕೆಲಸ ಅರ್ಧದಲ್ಲಿ ನಿಂತಿದೆ, ಆ ಹೆಣ್ಣುಮಗಳ ಜೋಡೂ ಅರ್ಧದಲ್ಲೇ. ಇದೊಂದು ಸಲ ಮಾಡಿದರೆ ಏನಂತೆ ಎಂದು ನಾನೂ ಬಾಯಿ ಹಾಕಿದೆ. "ಇದೊಂದು ಸಲ ಅಂತಾನೇ ಆ ಮೋಸಗಾರರೆಲ್ಲ ಒಳಗೆ ಬರೋದು," ಎಂದು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. ಅತ್ತೆಯ ಹುರುಳಿಕಾಯಿ ಮುಗಿಯಿತು. ತಂತಿಯಕ್ಕನ ಕೈ ಮಾತ್ರ ನೋಯುವ ತೊಡೆಯನ್ನು ಉಜ್ಜುತ್ತಲೇ ಇತ್ತು.

ಕೊನೆಗೆ ಫೋನ್ ಬಡಿದುಕೊಂಡಿತು.

"ಹೇಳದೇ ಮುಟ್ಟಿದ್ರಲ್ಲಾ ನೀವು!" ಆ ಕೂಗು ನನಗೂ ಕೇಳಿಸಿತು.

"ಹೌದಣ್ಣಾ, ತಪ್ಪಾಯ್ತು. ಹೋದ ವರ್ಷದವನ ಬಾಲ ಕಂಡಿತು, ಕೈ ಮುಂದೆ ಓಡಿತು. ನೀವು ಎಳೆದದ್ದೇ ಸರಿ. ನನ್ನ ಮೇಲೆ ನಂಬಿಕೆ ಬರದಿದ್ರೆ ನಿಮ್ಮೂರಲ್ಲೇ ಯಾರಿಗಾದ್ರೂ ಎದುರಿಗೆ ಕೂರಿಸ್ಕೊಂಡು ತೋರಿಸಿ. ನಂಗೆ ಬೇಜಾರಿಲ್ಲ."

ಆ ಕಡೆ ಸ್ಟೂಲು ಎಳೆದ ಸದ್ದು. ಆಮೇಲೆ: "ಅವನಾಗಿದ್ರೆ ತಪ್ಪಾಯ್ತು ಅಂತಿರಲಿಲ್ಲ. ತಂತಿ ಸಿಕ್ಕಿಸ್ತಾ ಇದ್ದೀನಮ್ಮಾ. ಮೊದಲಿಂದ ಹೇಳ್ತಾ ಬನ್ನಿ."

ಮೊದಲಿನಿಂದ ಶುರು. ಒತ್ತಲಾ, ತೆಗೀಲಾ, ಅಳಿಸಲಾ. ಪ್ರತಿಯೊಂದಕ್ಕೂ "ಹೂಂ" ಬಂದ ಮೇಲೆಯೇ ಮುಂದಿನದು. ಕಿಟಕಿಯಿಂದ ಬಿಸಿಲು ಮೇಜಿಗೆ ಬೀಳುವ ಹೊತ್ತಿಗೆ ಪರದೆಯ ಮೇಲೆ ಒಂದು ಪಾದ ಮೂಡಿತು, ಹಿಮ್ಮಡಿ ತುಸು ಓರೆಯಾದ ಬಲಪಾದ. ಆ ಕಡೆಯಿಂದ ಮೂಗು ಎಳೆದ ಸದ್ದು. "ಇದೇ ಕಣಮ್ಮಾ ಅವಳ ಕಾಲು. ಇರಿ, ತೊಗಲು ತೆಗೀತೀನಿ."

"ನಿಲ್ಲಿ ಅಣ್ಣಾ, ಇನ್ನೊಂದು ಬಾಕಿ ಇದೆ. ನಾನು ಒಳಗೆ ಬಂದ ದಾರೀನ ನಿಮ್ಮ ಕೈಯಾರೆ ಅಳಿಸಿ. ಹೇಗೆ ಅಂತ ಹೇಳ್ತೀನಿ."

ಅಳಿಸಿದರು. ಪರದೆಯಿಂದ ಆ ಅಂಗಡಿ ಮರೆಯಾಯಿತು.

ಗಿರಾಕಿಯನ್ನು ಪರೀಕ್ಷಿಸಲು ತಪ್ಪನ್ನು ಬೇಕೆಂದೇ ಮಾಡಿದಿರಾ ಎಂದು ಕೇಳಿದೆ. "ಅಯ್ಯೋ, ಇಲ್ಲ! ನಿಜವಾಗ್ಲೂ ತಪ್ಪೇ," ಎಂದು ನಾಚಿದರು. ಹಾಗಾದರೆ ಮುಖದಲ್ಲಿ ಈ ನಗು ಯಾಕೆ ಎಂದು ಕೆಣಕಿದೆ. ಅವರು ಫೋನನ್ನು ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟರು.

"ಹೋದ ವರ್ಷ ಎದ್ದು ಆಚೆ ಹೋಗಿ ಅಂದ್ರೆ ಹೋದ ಮನುಷ್ಯ. ಈ ವರ್ಷ ನನ್ನನ್ನೇ ಆಚೆ ಹಾಕಿದ್ರು ನೋಡಿ!"