ಅಟ್ಟ ಖಾಲಿಯಾಗುವ ಮುಂಚೆ

ನಮ್ಮ ಭಾವನ ಬಲಗಾಲಿನ ಹಿಮ್ಮಡಿ ನೆಲಕ್ಕೆ ಊರಿದ್ದನ್ನು ನಾನು ಕಂಡಿದ್ದು ಅಪರೂಪ. ಊಟಕ್ಕೆ ಕೂತರೂ, ಬಸ್ಸಿಗೆ ಕಾದರೂ, ನೆಂಟರ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದರೂ ಅದು ಕುಟ್ಟುತ್ತಲೇ ಇರಬೇಕು. ಮೇಜಿನ ಮೇಲಿನ ಲೋಟದಲ್ಲಿ ನೀರು ನಡುಗುತ್ತಿದ್ದರೆ ಭಾವ ಮನೆಯಲ್ಲಿದ್ದಾರೆ ಎಂದು ಅರ್ಥ. ಅವರು ನನ್ನ ಗಂಡನ ಅಣ್ಣ. ಮದುವೆಯಾಗದೆ ನಮ್ಮ ಜೊತೆಯೇ ಇದ್ದವರು, ರ್‍ಯಾಪ್ ಹಾಡುವವರು. ಕನ್ನಡದಲ್ಲಿ ರ್‍ಯಾಪ್ ಅಂದರೆ ಅರಸೀಕೆರೆಯ ಜನ ನಗುತ್ತಿದ್ದ ಕಾಲದಿಂದಲೂ ಹಾಡಿದವರು. ಮದುವೆಯಾದ ಹೊಸತರಲ್ಲಿ ನಾನು, ಇದು ಹಾಡೋ ಜಗಳವೋ ಎಂದು ಕೇಳಿದ್ದೆ. "ಎರಡೂ ಕಣಮ್ಮ," ಅಂದಿದ್ದರು.

ಆ ಮನುಷ್ಯ ಹಾಡು ಬಿಟ್ಟಿದ್ದು ಹಳೇಬೀಡಿನಲ್ಲಿ, ಒಂದು ಕಾರ್ಯಕ್ರಮದ ವೇದಿಕೆಯ ಮೇಲೆ. ಅವರು ಹೆಸರು ಮಾಡಿದ್ದೇ ಒಂದೇ ಉಸಿರಿಗೆ ಹೇಳುವ ಉದ್ದುದ್ದ ಸಾಲುಗಳಿಂದ. ಅವತ್ತು ಅರ್ಧ ಸಾಲಿಗೇ ಉಸಿರು ಕಟ್ಟಿತು. ಮೈಕು ಹಿಡಿದು ಬಗ್ಗಿ ನಿಂತರು. ಉಳಿದರ್ಧವನ್ನು ಎದುರಿಗಿದ್ದ ಹುಡುಗರೇ ಹಾಡಿ ಮುಗಿಸಿದರು. ಹುಡುಗರು ಪ್ರೀತಿಯಿಂದಲೇ ಹಾಡಿದ್ದು, ಆದರೆ ಭಾವನಿಗೆ ಅವಮಾನವಾಯಿತು. ಮಾರನೇ ದಿನ ಫೋನಿನ ಮುಂದೆ ಕೂತು, ಇನ್ನು ಹಾಡಲ್ಲ ಎಂದು ವಿಡಿಯೊ ಮಾಡಿ ಹಾಕಿದರು. ಶ್ವಾಸಕೋಶದ ಕಾಯಿಲೆ ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರು ಹೇಳಿದ್ದು ಮನೆಯವರಿಗೆ ಮಾತ್ರ ಗೊತ್ತಿತ್ತು.

ನಿವೃತ್ತಿ ಅಂದರೆ ಜನ ಸುಮ್ಮನೆ ಕೂರುತ್ತಾರೆ. ಇವರು ನಮ್ಮನ್ನೂ ಕೂರಗೊಡಲಿಲ್ಲ. ಯಾರೂ ಬರುವವರಿಲ್ಲದಿದ್ದರೂ ಸ್ಟೇಷನ್ನಿಗೆ ಹೋಗಿ ರೈಲು ನೋಡಿ ಬರುವುದು, ಬಂದವರೇ ಅಡುಗೆಮನೆಯ ಡಬ್ಬಿಗಳನ್ನು ಅದಲುಬದಲು ಮಾಡುವುದು, ಅದೂ ಸಾಕಾದರೆ ಅಟ್ಟ ಹತ್ತಿ ಕಾಯಿ ಅಲ್ಲಾಡಿಸುವುದು. ಕೊಬ್ಬರಿಗೆಂದು ನಾವು ತೆಂಗಿನಕಾಯಿಗಳನ್ನು ಸಿಪ್ಪೆ ಸಮೇತ ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಲು ಬಿಡುತ್ತೇವೆ. ಅಲ್ಲಾಡಿಸಿದಾಗ ಒಳಗೆ ಲೊಡಲೊಡ ಅಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಸುಲಿಯಬಹುದು ಎಂದು ಲೆಕ್ಕ. ಒಂದು ದಿನ ಒಗ್ಗರಣೆಗೆ ಎಣ್ಣೆ ಕಾದಿದೆ, ಸಾಸಿವೆ ಡಬ್ಬಿ ಇಲ್ಲ. ನನಗೆ ತಲೆ ಕೆಟ್ಟುಹೋಯಿತು.

"ಉಸಿರು ಸಾಲ್ದಿದ್ರೆ ಮಧ್ಯೆ ನಿಲ್ಸಿ ಎಳ್ಕೊಳ್ಳಿ ಭಾವ. ನಾವೆಲ್ಲ ಹಂಗೇ ತಾನೇ ಮಾತಾಡೋದು? ಹಾಡ್ಕೊಂಡಾದ್ರೂ ಇರಿ, ನನ್ನ ಡಬ್ಬಿ ಮುಟ್ಟಬ್ಯಾಡಿ."

ಆಗ ಅವರ ಹಿಮ್ಮಡಿ ನಿಂತಿತು.

ಆ ವಾರವೇ ಮೈಕು, ಲ್ಯಾಪ್‌ಟಾಪು ಅಟ್ಟ ಸೇರಿದವು. ಸುತ್ತ ನಾರುಸಿಪ್ಪೆಯ ಕಾಯಿಗಳ ರಾಶಿ ಇದ್ದರೆ ದನಿ ಗೋಡೆಗೆ ಬಡಿದು ವಾಪಸು ಬರುವುದಿಲ್ಲವಂತೆ, ಬೆಂಗಳೂರಿನ ಸ್ಟುಡಿಯೊದಲ್ಲೂ ಇಂಥ ಜಾಗ ಸಿಗುವುದಿಲ್ಲವಂತೆ. ಸಾಲಿನ ನಡುವೆ ಉಸಿರೆಳೆದ ಸದ್ದನ್ನು ಅವರು ಅಳಿಸಲಿಲ್ಲ. ಬೇಕೆಂದೇ ಬಿಟ್ಟರು.

ಅಡ್ಡಿ ಬಂದಿದ್ದು ಕಾಯಿಯಿಂದಲೇ. ಅರ್ಧ ಆಲ್ಬಂ ಮುಗಿಯುವ ಹೊತ್ತಿಗೆ ರಾಶಿಗೆ ರಾಶಿಯೇ ಲೊಡಗುಟ್ಟತೊಡಗಿತು. ನನ್ನ ಗಂಡ ಸುಲಿಯುವವರಿಗೆ ಹೇಳಿಬಂದರು.

"ಇನ್ನೊಂದು ತಿಂಗ್ಳು ಬಿಡ್ಲಾ. ಕಾಯಿ ಇಳಿಸಿದ್ರೆ ಸ್ಟುಡಿಯೊನೇ ಕಿತ್ತಾಕ್ದಂಗೆ," ಅಂದರು ಭಾವ.

"ಸುಲಿಯೋರು ಆಮೇಲೆ ಸಿಗಲ್ಲ ಕಣಣ್ಣ. ಒಳಗೇ ಇದ್ರೆ ಕೊಬ್ಬರಿ ಕೆಟ್ಟೋಗ್ತೈತೆ."

"ನಾನೂ ಅಷ್ಟೇ ಕಣ್ಲಾ."

ನನ್ನ ಗಂಡ ಮುಖ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದರು. ಕೊನೆಗೆ ದಿನಕ್ಕೊಂದು ರಾಶಿ ಇಳಿಸುವುದೆಂದು ಆಯಿತು. ಅಲ್ಲಿಂದ ಶುರುವಾಯಿತು ಓಟ. ಅಂಗಳದಲ್ಲಿ ಸುಲಿಯುವವರು, ಮೇಲೆ ಭಾವ. ಸುಲಿಯುವ ಸದ್ದು ಮೈಕಿಗೆ ಬೀಳಬಾರದೆಂದು, ಅವರು ಊಟಕ್ಕೆ ಕೂರುವುದನ್ನೇ ಕಾದು ಇವರು ಹಾಡುತ್ತಿದ್ದರು. ಹಾಗಾಗಿ ಇವರ ಊಟ ದಿನಾ ತಪ್ಪುತ್ತಿತ್ತು, ನನ್ನ ಸಿಟ್ಟು ದಿನಾ ಏರುತ್ತಿತ್ತು.

ಒಂದು ಹಾಡು ಬಾಕಿ ಇರುವಾಗಲೇ ಅಟ್ಟ ಬರಿದಾಯಿತು. ಖಾಲಿ ಅಟ್ಟದಲ್ಲಿ ಅವರ ಮಾತೆಲ್ಲ ಮಾರ್ದನಿಸುತ್ತಿತ್ತು. ಆದರೂ ಕೊನೆಯ ಹಾಡನ್ನು ಅಲ್ಲೇ ಹಾಡತೊಡಗಿದರು. "ರೈಲು ನಿಂತ್ಕಂಡ್ರೂ ಎಂಜಿನ್ ನಿಲ್ಲಲ್ಲ, ನಾನು ಕುಂತ್ಕಂಡ್ರೂ ಕಾಲು ಕೇಳಲ್ಲ" ಅನ್ನುವ ಸಾಲು. ಉಸಿರೆಳೆಯಲು ನಿಂತರು. ಹಾಡು ಮುಗಿಯಿತೆಂದುಕೊಂಡು ನಾನು ಏಣಿಯ ಬುಡದಿಂದ ಕೂಗಿದೆ:

"ಭಾವ, ಮುದ್ದೆ ಆರೋಗ್ತೈತೆ."

"ಬತ್ತೀನಿ ಇರಮ್ಮ. ಇದೊಂದು ಮುಗೀಲಿ."

ಅಷ್ಟೂ ಮೈಕಿಗೆ ಬಿತ್ತು. ಇನ್ನೊಮ್ಮೆ ಹಾಡಿ ಅಂದೆ. ಇನ್ನೊಮ್ಮೆ ಹಾಡುವಷ್ಟು ದಮ್ಮಿರಲಿಲ್ಲ. "ಇರ್ಲಿ ಬಿಡಮ್ಮ. ಮನೆ ಅಂದ್ಮೇಲೆ ಯಾರಾದ್ರೂ ಊಟಕ್ಕೆ ಕರೀಬೇಕಲ್ಲ," ಅಂದರು.

ಆಲ್ಬಂ ಬಂತು. ಮುದುಕ ಏದುಸಿರು ಬಿಡ್ತಾನೆ ಎಂದು ಕೆಲವರು ಬರೆದರು. ಅದನ್ನು ಓದಿದ ದಿನ ಭಾವ ಮತ್ತೆ ಡಬ್ಬಿಗಳಿಗೆ ಕೈ ಹಾಕಿದ್ದರು. ಆದರೆ ಹಳೇಬೀಡಿಗೇ ಮತ್ತೆ ಕರೆ ಬಂತು, ಹೋದರು, ನಾವೂ ಜೊತೆಗೆ ಹೋದೆವು. ಅವರು ಉಸಿರೆಳೆಯಲು ನಿಂತಾಗ ಈ ಸಲ ಯಾರೂ ಸಾಲು ತುಂಬಲಿಲ್ಲ. ಎದುರಿಗಿದ್ದವರೂ ಅವರ ಜೊತೆಯೇ ನಿಂತು ಉಸಿರೆಳೆದುಕೊಂಡು, ಜೊತೆಯೇ ಮುಂದುವರಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಭಾವ ತೀರಿಕೊಂಡು ಇನ್ನೂ ವರ್ಷವಾಗಿಲ್ಲ. ಅಟ್ಟ ಮತ್ತೆ ತುಂಬಿದೆ. ಡಬ್ಬಿಗಳು ಇಟ್ಟಲ್ಲೇ ಇರುತ್ತವೆ, ಅದನ್ನು ನನಗೆ ಸಹಿಸಲಾಗುವುದಿಲ್ಲ. ಮೊನ್ನೆ ಸ್ಟೇಷನ್ನಿನಿಂದ ಬರುವಾಗ ಆಟೋದವನು ಆ ಕೊನೆಯ ಹಾಡು ಹಾಕಿದ. ಮುದ್ದೆಗೆ ಕರೆಯುವ ದನಿ ಹಿಂದೆ ಕೂತವಳದೇ ಎಂದು ಅವನಿಗೆ ಗೊತ್ತಿಲ್ಲ. "ಬತ್ತೀನಿ ಇರಮ್ಮ," ಅಂದರು ಭಾವ. ನಮ್ಮ ಬೀದಿಯ ತಿರುವು ಬಂತು.

"ಎಲ್ಲಿ ನಿಲ್ಲಿಸ್ಲಿ ಅಕ್ಕ?"

"ಹೋಗ್ತಾ ಇರಪ್ಪ," ಅಂದೆ. "ಇದೊಂದು ಮುಗೀಲಿ."