ಖಾಲಿ ಡಬ್ಬಿಯ ಲೆಕ್ಕ

ಬೆಳಗ್ಗೆ ಏಳಕ್ಕೆ ತುಂಬಿ ಮುಚ್ಚಿದ ಸ್ಟೀಲ್ ಡಬ್ಬಿಯನ್ನು ಮಧ್ಯಾಹ್ನ ಒಂದಕ್ಕೆ ತೆರೆದಾಗ ಒಂದು ವಾಸನೆ ಬರುತ್ತದೆ. ನಿಮಗೂ ಗೊತ್ತಿರುತ್ತದೆ. ಅದು ಚಿತ್ರಾನ್ನದ್ದೂ ಅಲ್ಲ, ಉಪ್ಪಿನಕಾಯಿಯದ್ದೂ ಅಲ್ಲ. ಹಬೆ ಒಳಗೇ ತಣ್ಣಗಾಗಿ, ನೀರಾಗಿ, ಅನ್ನದ ಮೇಲೆ ತೊಟ್ಟಿಕ್ಕಿದ ವಾಸನೆ. ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಏಳು ಡಬ್ಬಿಗಳು ಒಟ್ಟಿಗೆ ತೆರೆಯುತ್ತವೆ. ಎಣಿಸುವುದು ನನ್ನ ರೋಗ. ಈ ಸೋಮವಾರ ಆ ವಾಸನೆ ಬಂದಾಗ ನನ್ನ ಡಬ್ಬಿಯನ್ನು ಹಾಗೇ ಮುಚ್ಚಿ ಎದ್ದು ಹೋದೆ. ಕಾರಣ, ಹಿಂದಿನ ದಿನ ನಮ್ಮ ಮನೆಯಲ್ಲಿ ನಡೆದದ್ದು. ಅದನ್ನು ಹೇಳಬೇಕಾದರೆ ಎಪ್ಪತ್ತೊಂಬತ್ತನೇ ಇಸವಿಯ ಡೈರಿಯಿಂದ ಶುರು ಮಾಡಬೇಕು.

ಆಗ ನಾವು ತಿಲಕ್ ನಗರದ ಒಂದು ವಠಾರದಲ್ಲಿದ್ದೆವು: ಅಮ್ಮ, ಅಣ್ಣ ಮಹದೇವ ಮತ್ತು ನಾನು. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವರ ಪೆನ್ಷನ್ನಿನಲ್ಲಿ ಮನೆ ಹೇಗೋ ನಡೆಯುತ್ತಿತ್ತು. ನಾನು ಜಯನಗರದ ಕಾಲೇಜಿಗೆ ನಡೆದು ಹೋಗುತ್ತಿದ್ದೆ, ಸಂಜೆ ಬಂದು ಡೈರಿ ಬರೆಯುತ್ತಿದ್ದೆ. ದಿನಕ್ಕೆ ಎಷ್ಟು ಸಲ ಕರೆಂಟು ಹೋಯಿತು, ತಿಂಗಳಲ್ಲಿ ಎಷ್ಟು ಸಲ ಉಪ್ಪಿಟ್ಟಾಯಿತು, ತತ್ವಶಾಸ್ತ್ರದ ಮೇಷ್ಟ್ರು ಒಂದು ಪಾಠದಲ್ಲಿ ಎಷ್ಟು ಸಲ ‘ಅಂದರೆ’ ಎಂದರು, ಎಲ್ಲವೂ ಅದರಲ್ಲಿತ್ತು. ಬರೆದಿಟ್ಟದ್ದು ಮಾತ್ರ ನಿಜವಾಗಿ ನಡೆದದ್ದು ಎಂದು ನಂಬಿದ್ದೆ. ಆ ವಯಸ್ಸಿಗೆ ಎಂಥೆಂಥದೋ ಅಹಂಕಾರ ಇರುತ್ತದೆ, ನನ್ನದು ಇದು.

ಅಣ್ಣ ಊರಾಚೆಯ ಒಂದು ಕಾರ್ಖಾನೆಯಲ್ಲಿ ‘ಬದಲಿ’ಯಾಗಿದ್ದ. ಬದಲಿ ಎಂದರೆ ದಿನಾ ಬೆಳಗ್ಗೆ ಗೇಟಿನ ಮುಂದೆ ನಿಲ್ಲಬೇಕು. ಒಳಗಿನ ಯಾರಾದರೂ ರಜಾ ಹಾಕಿದರೆ ಅವರ ಜಾಗಕ್ಕೆ ಕರೆಯುತ್ತಾರೆ, ಇಲ್ಲದಿದ್ದರೆ ಎಂಟು ಗಂಟೆಗೆ ಗೇಟು ಮುಚ್ಚುತ್ತದೆ. “ಇವತ್ತು ಯಾರೋ ಪುಣ್ಯಾತ್ಮನಿಗೆ ಜ್ವರ ಬಂದಿತ್ತಮ್ಮ” ಎಂದು ಅಣ್ಣ ನಗುತ್ತಾ ಬಂದರೆ ಅಂದು ಕೆಲಸ ಸಿಕ್ಕಿದೆ ಎಂದರ್ಥ. ಯಾರದೋ ಜ್ವರಕ್ಕೆ ನಾವು ಮೂವರೂ ಖುಷಿಪಡುತ್ತಿದ್ದೆವು. ವರ್ಷಕ್ಕೆ ಇನ್ನೂರ ನಲವತ್ತು ದಿನ ತುಂಬಿಸಿದರೆ ಕಾಯಂ ಮಾಡು ಎಂದು ಕೇಳುವ ಹಕ್ಕು ಬರುತ್ತದೆಂದು ಗೇಟಿನಲ್ಲಿ ಎಲ್ಲರೂ ಹೇಳುತ್ತಿದ್ದರಂತೆ. ಅಮ್ಮನಿಗೆ ಆ ಸಂಖ್ಯೆ ಬಾಯಿಪಾಠವಾಯಿತು. ಕಾಯಂ ಆದರೆ ಅಣ್ಣನ ಮದುವೆ. ಕಾಯಂ ಆಗದಿದ್ದರೆ ಹೆಣ್ಣು ಕೊಡುವವರು ಯಾರು?

ಎಣಿಸುವ ಕೆಲಸ ನನ್ನ ಪಾಲಿಗೆ ಬಂತು. ಡಬ್ಬಿ ತೊಳೆಯುವವಳೂ ನಾನೇ. ಡಬ್ಬಿ ಖಾಲಿಯಾಗಿ ಬಂದರೆ ಕೆಲಸ, ಡೈರಿಯಲ್ಲಿ ಒಂದು ಗೀಟು. ತುಂಬಿದ ಡಬ್ಬಿ ಒಂಬತ್ತಕ್ಕೇ ವಾಪಸು ಬಂದರೆ ಗೀಟಿಲ್ಲ. ಆ ದಿನ ಅಮ್ಮ ಡಬ್ಬಿಯ ಅನ್ನವನ್ನು ಮತ್ತೆ ಪಾತ್ರೆಗೆ ಸುರಿಯುತ್ತಿದ್ದಳು, ಅಷ್ಟೇ. ಜನವರಿ, ಫೆಬ್ರವರಿಯಲ್ಲಿ ಅಂಥ ದಿನಗಳು ಬಹಳ. ಮಾರ್ಚ್ ನಂತರ ಡಬ್ಬಿ ತುಂಬಿ ಬಂದದ್ದೇ ಇಲ್ಲ. ಅಣ್ಣನ ಅದೃಷ್ಟ ತಿರುಗಿತು ಎಂದುಕೊಂಡೆವು. ಸಂಬಳ ಮಾತ್ರ ಏರಲಿಲ್ಲ. “ಬದಲಿಗಳಿಗೆ ಕೊಡೋದೇ ಇಷ್ಟು, ಕಾಯಂ ಆದ್ಮೇಲೆ ನೋಡಮ್ಮ” ಎನ್ನುತ್ತಿದ್ದ.

ಅದೇ ವರ್ಷ ಮೇಷ್ಟ್ರು ನಮಗೆ ‘ಅಸಂಗತವಾದ’ ಎಂಬ ತತ್ವದ ಪಾಠ ಮಾಡಿದರು. ಮನುಷ್ಯ ಅರ್ಥ ಎಲ್ಲಿ ಎಂದು ಕೇಳುತ್ತಲೇ ಇರುತ್ತಾನೆ, ಜಗತ್ತು ಬಾಯಿ ಬಿಡುವುದಿಲ್ಲ, ಆ ಬಿರುಕಿನಲ್ಲಿ ಹುಟ್ಟುವುದೇ ಅಸಂಗತ ಎಂದರು. ನಾನು ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದುಕೊಂಡೆ. ಕಾಲೇಜು ದಿನಾಚರಣೆಗೆ ಹುಡುಗರು ಆ ಬಗೆಯ ನಾಟಕವನ್ನೂ ಆಡಿದರು. ಒಂದೇ ಕುರ್ಚಿಗಾಗಿ ಮೂವರು ಸಾಲು ನಿಂತಿರುತ್ತಾರೆ. ಯಾರೋ ಬಂದು ಕುರ್ಚಿ ಎತ್ತಿಕೊಂಡು ಹೋಗುತ್ತಾನೆ. ಮೂವರೂ ಸಾಲು ಬಿಡುವುದಿಲ್ಲ. ಮನೆಗೆ ಬಂದು ಬಲು ಉತ್ಸಾಹದಿಂದ ಅಣ್ಣನಿಗೆ ವಿವರಿಸಿದೆ.

“ಇದಕ್ಕೆ ಟಿಕೆಟ್ ಬೇರೆನಾ?” ಎಂದ ಅಣ್ಣ. “ನಮ್ ಗೇಟಿಗೆ ಬಾ, ಪುಕ್ಕಟೆ ತೋರಿಸ್ತೀನಿ.”

“ನಿಂಗೆ ಅರ್ಥ ಆಗಲ್ಲ ಬಿಡೋ. ಅದು ಫಿಲಾಸಫಿ.”

“ಹೂಂ ಕಣಮ್ಮ, ಪಂಡಿತೆ” ಎಂದು ಡಬ್ಬಿಯನ್ನು ನನ್ನ ಕೈಗಿಟ್ಟ. ಖಾಲಿ ಇತ್ತು. ಗೀಟು ಹಾಕಿದೆ.

ಡಿಸೆಂಬರಿನಲ್ಲಿ ಇನ್ನೂರ ನಲವತ್ತು ತುಂಬಿತು. ಎಣಿಕೆ ತಪ್ಪಿದ್ದರೆ ಎಂದು ಇನ್ನೂ ಮೂರು ದಿನ ಕಾದೆ. ಗೇಟಿನಲ್ಲಿ ಕೊಡುವ ಬಿಲ್ಲೆಯನ್ನು ಸಂಜೆ ವಾಪಸು ತೆಗೆದುಕೊಳ್ಳುತ್ತಾರೆ, ಬದಲಿಗಳ ಕೈಯಲ್ಲಿ ಪುರಾವೆ ಉಳಿಯುವುದಿಲ್ಲ ಎಂದು ಅಣ್ಣ ಹೇಳಿದ್ದ. ನನ್ನ ಹತ್ತಿರ ಇತ್ತಲ್ಲ! ಅವನಿಗೆ ಹೇಳದೆ, ಒಂದು ಗುರುವಾರ ಕಾಲೇಜು ಮುಗಿಸಿ, ಡೈರಿ ಹಿಡಿದು ಕಾರ್ಮಿಕರ ಸಂಘದ ಕೋಣೆಗೆ ಹೋದೆ.

ಕಾರ್ಯದರ್ಶಿ ಪುಟ್ಟಸ್ವಾಮಿ ದಪ್ಪ ಕನ್ನಡಕದ ನಿಧಾನದ ಮನುಷ್ಯ. ಡೈರಿಯ ಪುಟಗಳನ್ನೂ ತಮ್ಮ ಬಳಿಯಿದ್ದ ಹಾಜರಿಯ ನಕಲನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

“ಇದನ್ನೆಲ್ಲ ಎಲ್ಲಿಂದ ಬರ್ಕೊಂಡ್ಯಮ್ಮ?”

“ಡಬ್ಬಿಯಿಂದ ಸಾರ್.”

“ಡಬ್ಬಿಯಿಂದ?”

ವಿವರಿಸಿದೆ. ಬೆಂಚಿನ ಮೇಲೆ ಕೂತಿದ್ದವನೊಬ್ಬ ಕಿಸಕ್ಕೆಂದು ನಕ್ಕ. ಪುಟ್ಟಸ್ವಾಮಿ ನಗಲಿಲ್ಲ.

“ಆಗಸ್ಟಲ್ಲಿ ಹನ್ನೊಂದು ದಿನ ಕಾರ್ಖಾನೆಗೇ ಬೀಗ ಬಿದ್ದಿತ್ತು ತಾಯಿ. ಆ ಹನ್ನೊಂದೂ ನಿನ್ ಪುಸ್ತಕದಲ್ಲಿ ಕೆಲಸ ಅಂತಿದೆ.” ಆಮೇಲೆ ದನಿ ತಗ್ಗಿಸಿ, “ಮಾದೇವನಿಗೆ ಈ ವರ್ಷ ಸಿಕ್ಕಿರೋದು ತೊಂಬತ್ತೇಳು ದಿನ” ಎಂದರು.

ಅಷ್ಟರಲ್ಲಿ ಅಣ್ಣನೇ ಒಳಗೆ ಬಂದ. ಸಂಜೆ ಬದಲಿಗಳೆಲ್ಲ ಅಲ್ಲಿ ಸೇರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಬಾಗಿಲಲ್ಲೇ ನಿಂತು ನನ್ನನ್ನು ನೋಡಿದ, ಮೇಜಿನ ಮೇಲಿನ ಡೈರಿಯನ್ನು ನೋಡಿದ.

“ನಿನ್ ತಂಗಿ ಬರವಣಿಗೆ ಮುದ್ದಾಗಿದೆ ಕಣಯ್ಯ” ಎಂದು ಪುಟ್ಟಸ್ವಾಮಿ ಡೈರಿ ಮುಚ್ಚಿ ಕೊಟ್ಟರು.

ಜೊತೆಯಲ್ಲೇ ನಡೆದು ಬಂದೆವು.

“ಎಲ್ಲಿ ತಿಂತಿದ್ದೆ?” ಎಂದು ಕೇಳಿದೆ. ಕೇಳಬೇಕಾದ ಅಷ್ಟೆಲ್ಲದರಲ್ಲಿ ನನಗೆ ಹೊಳೆದದ್ದು ಅದು.

“ಪಾರ್ಕಲ್ಲಿ. ಹತ್ತೂವರೆಗೇ ಹಸಿವಾಗ್ತಿತ್ತು.”

“ಆಮೇಲೆ?”

“ಸಂಜೆ ಆಗ್ಬೇಕಲ್ಲ. ಕೂತಿರ್ತಿದ್ದೆ.”

“ಹೇಳ್ಬಾರ್ದಿತ್ತೇನೋ ಅಣ್ಣ?”

“ಹೇಳೋಣ ಅಂತಾನೇ ಬರ್ತಿದ್ದೆ ಕಣೇ. ನೀನು ಡಬ್ಬಿ ಅಲ್ಲಾಡಿಸಿ ನೋಡಿ ಪೆನ್ನು ತಗೋತಿದ್ದೆ, ಅಮ್ಮ ಎಷ್ಟಾಯ್ತೇ ಅಂತ ಕೇಳೋಳು.” ಸ್ವಲ್ಪ ದೂರ ಹೋದ ಮೇಲೆ ಹೇಳಿದ: “ಇನ್ನೂರು ದಾಟಿದ್ಮೇಲೆ ನಂಗೂ ಒಂಥರಾ ಆಸೆ ಬಂತು.”

“ಇವತ್ತೂ ಪಾರ್ಕೇನಾ?”

ಅವನು ಖಾಲಿ ಡಬ್ಬಿಯನ್ನು ನನ್ನ ಕೈಗಿಟ್ಟು ಮುಂದೆ ನಡೆದ. ಅಂದು ಡಬ್ಬಿ ತೊಳೆದೆ, ಗೀಟು ಹಾಕಲಿಲ್ಲ. ಮುಂದೆಂದೂ ಹಾಕಲಿಲ್ಲ.

ವಾರ ಕಳೆದು ಅಣ್ಣ ಅಮ್ಮನಿಗೆ, “ಕಾಯಂ ಮಾಡಲ್ವಂತಮ್ಮ, ಇನ್ನು ಅಲ್ಲಿಗೆ ಹೋಗಲ್ಲ” ಎಂದಷ್ಟೇ ಹೇಳಿದ. ಸುಳ್ಳಲ್ಲ. ಆದರೆ ಅಮ್ಮನ ತಲೆಯಲ್ಲಿ ನನ್ನ ಲೆಕ್ಕ ಕೂತಿತ್ತು. ಅಂದಿನಿಂದ ಇಂದಿನವರೆಗೂ, ಬನಶಂಕರಿಯ ಈ ಮನೆಗೆ ಬಂದ ಮೇಲೂ, ಯಾರೇ ಬರಲಿ, ಮಗನನ್ನು ಇನ್ನೂರ ನಲವತ್ತಮೂರು ದಿನ ದುಡಿಸಿಕೊಂಡು ಕೈಬಿಟ್ಟರು ಎಂದು ಆ ಕಾರ್ಖಾನೆಯನ್ನು ಶಪಿಸುತ್ತಾಳೆ. ಮಾಡದ ತಪ್ಪಿಗೆ ಒಂದು ಕಾರ್ಖಾನೆ ಏಳು ವರ್ಷದಿಂದ ಬೈಸಿಕೊಳ್ಳುತ್ತಿದೆ. ಮಾಡಿದ ತಪ್ಪುಗಳಿಗೆ ಯಾರೂ ಬೈದದ್ದಿಲ್ಲ. ಅಣ್ಣ ಈಗ ಒಂದು ಕಾಗದದ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ, ಮದುವೆಯಾಗಲಿಲ್ಲ. ಅಮ್ಮ ಈ ಮಾತೆತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದ.

ಭಾನುವಾರ ಅಮ್ಮನ ತವರಿನವರು ಬಂದಿದ್ದರು. ಅಮ್ಮ ಶುರು ಮಾಡಿದಳು. “ಸುಮ್ನೆ ಹೇಳ್ತಿಲ್ಲಪ್ಪ, ನನ್ ಮಗಳ ಹತ್ರ ಬರಹದಲ್ಲಿದೆ. ತಗೊಂಡ್ಬಾರೇ.”

“ಎಲ್ಲಿದೆಯೋ ಅಮ್ಮ” ಎಂದೆ. ಟ್ರಂಕಿನ ತಳದಲ್ಲಿದೆ.

“ತಗೊಂಡ್ಬಾ” ಎಂದ ಅಣ್ಣ. ಈ ಸಲ ಅವನು ಎದ್ದಿರಲಿಲ್ಲ.

ತಂದುಕೊಟ್ಟೆ. ನೆಂಟರಿಗೆ ತೋರಿಸುತ್ತಾನೆಂದುಕೊಂಡರೆ, ತಾನೇ ತೊಡೆಯ ಮೇಲಿಟ್ಟುಕೊಂಡು ಗೀಟುಗಳ ಮೇಲೆ ಬೆರಳಿಟ್ಟು ಎಣಿಸತೊಡಗಿದ. ಒಂದೂ ಬಿಡದೆ, ಆಗಸ್ಟಿನ ಹನ್ನೊಂದನ್ನೂ ಸೇರಿಸಿ. ನೆಂಟರು ಕಾಫಿ ಕುಡಿದು ಬೇರೆ ಮಾತಿಗೆ ಹೋದರು. ಅಣ್ಣ ಡಿಸೆಂಬರಿಗೆ ಬಂದು ನಿಂತ.

“ಒಂದು ಬಿಟ್ಟಿದ್ದೀಯ” ಎಂದ.

“ಯಾವುದು?”

“ಆ ಗುರುವಾರ. ಸಂಘಕ್ಕೆ ಬಂದಿದ್ಯಲ್ಲ.” ದನಿ ನನಗೊಬ್ಬಳಿಗೆ ಕೇಳುವಷ್ಟಿತ್ತು. “ಆವತ್ತು ನಾನು ಒಳಗಿದ್ದೆ ಕಣೇ. ಎಂಟು ಗಂಟೆ ನಿಂತು ಕೆಲಸ ಮಾಡ್ದೆ.”

ಡೈರಿಯನ್ನು ನನ್ನ ಕಡೆ ತಿರುಗಿಸಿ, ಖಾಲಿ ಜಾಗದ ಮೇಲಿಂದ ಬೆರಳು ತೆಗೆಯದೆ ಕಾದ. ನಾನು ಪೆನ್ನು ತರಲು ಒಳಗೆ ಹೋದೆ.